ಕೀ ಇಲ್ಲದ ಡ್ರಾಯರು



ಕಚೇರಿಯ ಮೇಜಿನ ಕೆಳಗೆ ಪುಟ್ಟ ಗಾಲಿಗಳ ಮೇಲೆ ನಿಂತಿರುವ ಮೂರು ಡ್ರಾಯರಿನ ಪೆಟ್ಟಿಗೆಯನ್ನು ನೀವೆಲ್ಲ ನೋಡಿರುತ್ತೀರಿ. ಪೀಠೋಪಕರಣದ ವ್ಯಾಪಾರದವರು ಅದನ್ನು ಪೆಡೆಸ್ಟಲ್ ಅನ್ನುತ್ತಾರೆ. ಮೇಲಿನ ಡ್ರಾಯರಿನ ಮೂಲೆಯಲ್ಲಿ ನಾಣ್ಯದಗಲದ ಒಂದು ಬೀಗ. ಅದನ್ನು ಒಮ್ಮೆ ತಿರುಗಿಸಿದರೆ ಒಳಗಿನ ಸರಳು ಸರಿದು ಮೂರು ಡ್ರಾಯರುಗಳನ್ನೂ ಒಟ್ಟಿಗೆ ಹಿಡಿದುಕೊಳ್ಳುತ್ತದೆ. ಆ ಬೀಗದ ಮುಖವನ್ನು ಕನ್ನಡಕ ಹಾಕಿಕೊಂಡು ನೋಡಿ, ಮೂರೋ ನಾಲ್ಕೋ ಅಂಕಿಯ ಒಂದು ನಂಬರ್ ಕೊರೆದಿರುತ್ತದೆ. ಕೀ ಮೇಲೂ ಅದೇ ನಂಬರ್. ಕೀ ಕಳೆದುಹೋದರೆ ಆ ನಂಬರ್ ಹೇಳಿ ಇನ್ನೊಂದನ್ನು ತರಿಸಿಕೊಳ್ಳಬಹುದು. ಅನುಕೂಲವೇ. ಆದರೆ ನಂಬರ್ ಬೀಗದ ಮುಖದ ಮೇಲೇ ಇರುವುದರಿಂದ ಆ ಅನುಕೂಲ ಪಕ್ಕದಲ್ಲಿ ಹಾದುಹೋಗುವ ಎಲ್ಲರಿಗೂ ಇದೆ. ಇಂಥ ಅಗ್ಗದ ಬೀಗಗಳ ಒಂದು ಸರಣಿಯಲ್ಲಿ ಹಲವೊಮ್ಮೆ ಕೆಲವು ನೂರು ಬಗೆಯ ಕೀಗಳು ಮಾತ್ರ ಇರುತ್ತವೆ. ಹಾಗಾಗಿ ದೊಡ್ಡ ಕಚೇರಿಯಲ್ಲಿ ಲೆಕ್ಕಪತ್ರ ವಿಭಾಗದವರ ಕೀ ಎರಡನೇ ಮಹಡಿಯ ಯಾರದೋ ಡ್ರಾಯರಿಗೆ ಸಲೀಸಾಗಿ ಹೊಂದಿಕೊಳ್ಳುವುದು ಪವಾಡವೇನಲ್ಲ.

ಕಳ್ಳನನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಬೀಗ ಇದಲ್ಲ. ಕಳ್ಳನಿಗೆ ಒಂದು ಸ್ಕ್ರೂಡ್ರೈವರ್ ಸಾಕು. ಬೀಗ ಸೋಲುವ ಮೊದಲೇ ಪಾರ್ಟಿಕಲ್ ಬೋರ್ಡಿನ ಹಲಗೆ ಪುಡಿಯಾಗಿರುತ್ತದೆ. ಇದು ಅಕ್ಕಪಕ್ಕದ ಮೇಜಿನವರಿಗಾಗಿ ಇರುವ ಬೀಗ. ಒಳಗೆ ಇರುವುದಾದರೂ ಏನು? ಬಿಪಿ ಮಾತ್ರೆ, ಸಂಬಳದ ಚೀಟಿ, ಹಬ್ಬಕ್ಕೆ ಹಂಚಿ ಉಳಿದ ಡ್ರೈಫ್ರೂಟ್ ಡಬ್ಬಿ, ಇನ್ನೊಂದು ಕಂಪನಿಗೆ ಹಾಕಲು ಬರೆದಿಟ್ಟ ಅರ್ಜಿ. ಇವು ಯಾವುವೂ ಚಿನ್ನವಲ್ಲ, ಆದರೆ ಬೇರೆಯವರು ನೋಡಬಾರದವು.

ಈಗ ಆ ಬೀಗದ ಜಾಗಕ್ಕೆ ಕೀ ಇಲ್ಲದ ಎಲೆಕ್ಟ್ರಾನಿಕ್ ಬೀಗ ಬಂದಿದೆ. ಕೆಲವದರಲ್ಲಿ ಹತ್ತು ಗುಂಡಿಗಳ ಕೀಪ್ಯಾಡ್, ಕೆಲವದರಲ್ಲಿ ಐಡಿ ಕಾರ್ಡ್ ತೋರಿಸಬೇಕಾದ ಕರಿಯ ಬಿಲ್ಲೆ, ಇನ್ನು ಕೆಲವದಕ್ಕೆ ಫೋನಿನ ಆ್ಯಪ್. ಮೊದಲೇ ಹೇಳಿಬಿಡುತ್ತೇನೆ, ನಾನು ಇದರ ವಿರೋಧಿಯಲ್ಲ. ಆದರೆ ಮಾರುವವರು “ಇದಕ್ಕೆ ಕೀನೇ ಇಲ್ಲ ಸಾರ್” ಎಂದಾಗ ನಾನು ಪೂರ್ತಿ ತಲೆಯಾಡಿಸುವುದಿಲ್ಲ. ಕೀ ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ. ಯಾರ ಹತ್ತಿರ ಇದೆ ಅನ್ನುವುದು ಮಾತ್ರ ಮೊದಲಿನ ಹಾಗೆ ಕಣ್ಣಿಗೆ ಕಾಣುವುದಿಲ್ಲ.

ಮೊದಲು ಹೇಗೆ ಕಾಣುತ್ತಿತ್ತು ಎನ್ನುವುದನ್ನು ಸ್ವಲ್ಪ ನೆನೆಯೋಣ. ಅರ್ದೇಶಿರ್ ಗಾಡ್ರೆಜ್ ಮುಂಬಯಿಯಲ್ಲಿ ಬೀಗ ಮಾಡತೊಡಗಿದ್ದು 1897ರಲ್ಲಿ. ಅವರ ಸಂಸ್ಥೆಯ ಉಕ್ಕಿನ ಬೀರು ಬಂದದ್ದು 1923ರಲ್ಲಿ. ಆಮೇಲೆ ನಮ್ಮ ಕಚೇರಿಗಳಲ್ಲಿ ಯಾರು ಮಾಡಿದ ಬೀರುವಾದರೂ ಅದು ಗಾಡ್ರೆಜ್ ಬೀರುವೇ ಆಯಿತು. ಅದರ ಕೀ ಯಾರ ಸೊಂಟದಲ್ಲಿದೆಯೋ, ಯಾರ ಜನಿವಾರಕ್ಕೆ ಕಟ್ಟಿದೆಯೋ, ಯಾರ ಪರ್ಸಿನ ಒಳಜೇಬಿನಲ್ಲಿದೆಯೋ ಅದು ಇಡೀ ಕಚೇರಿಗೆ ಗೊತ್ತಿರುತ್ತಿತ್ತು. “ಗುಮಾಸ್ತರು ರಜೆ, ಫೈಲು ಬೀರುವಿನಲ್ಲಿದೆ” ಎಂದು ಹೇಳಿ ಎಷ್ಟು ಜನರನ್ನು ವಾಪಸು ಕಳಿಸಿಲ್ಲ! ಅದು ಜನರಿಗೆ ಕೊಟ್ಟ ಕಾಟ ನಿಜ. ಆದರೆ ಕೀ ಯಾರ ಹೊಣೆ ಎಂಬುದರಲ್ಲಿ ಗೊಂದಲ ಇರಲಿಲ್ಲ.

ಹಣ ಇರುವ ಕಡೆ ಈ ಹೊಣೆಯನ್ನು ಇನ್ನಷ್ಟು ಬಿಗಿ ಮಾಡಿದ್ದರು. ಸರ್ಕಾರಿ ಖಜಾನೆಯ ಭದ್ರತಾ ಕೊಠಡಿ ಡಬಲ್ ಲಾಕಿನಲ್ಲಿರುತ್ತದೆ, ಎರಡು ಬೀಗಕ್ಕೆ ಇಬ್ಬರು ಒಡೆಯರು, ಇಬ್ಬರೂ ಬಂದು ನಿಲ್ಲದೆ ಬಾಗಿಲು ತೆರೆಯದು. ಬ್ಯಾಂಕುಗಳಲ್ಲೂ ನಗದು ಇಬ್ಬರ ಜಂಟಿ ಸುಪರ್ದಿನಲ್ಲಿ ಇರುತ್ತದೆ. ಕೀಗಳ ನಕಲು ಜೊತೆ ಅದೇ ಶಾಖೆಯಲ್ಲಿ ಇರುವುದಿಲ್ಲ, ಇನ್ನೊಂದು ಶಾಖೆಯಲ್ಲಿ ಮೊಹರು ಮಾಡಿದ ಲಕೋಟೆಯಲ್ಲಿ ಕೂತಿರುತ್ತದೆ. ವರ್ಗವಾಗಿ ಹೋಗುವವರು ಚಾರ್ಜ್ ಕೊಡುವಾಗ ಪಟ್ಟಿಯಲ್ಲಿ ಕೀಗಳಿಗೆ ಒಂದು ಸಾಲು ಮೀಸಲು. ಎಷ್ಟು ಕೀ, ಯಾವ ಬೀರುವಿನವು ಎಂದು ಬರೆದು ಕೊಟ್ಟವರು ಸಹಿ, ತೆಗೆದುಕೊಂಡವರು ಸಹಿ. ಕೀ ಕಳೆದುಹೋಗಿ ಬೀಗ ಒಡೆಯಬೇಕಾದರೆ ಸಾಕ್ಷಿಗಳನ್ನು ನಿಲ್ಲಿಸಿ ಮಹಜರು ಬರೆಯುತ್ತಿದ್ದರು. ಕಬ್ಬಿಣದ ಒಂದು ತುಂಡಿಗೆ ಇಷ್ಟೊಂದು ಕಾಗದ!

ಎಲೆಕ್ಟ್ರಾನಿಕ್ ಬೀಗಕ್ಕೆ ಬರೋಣ. ಇದನ್ನು ಮಾಡುವವರು ಜಾಣರು. ಹಳೆಯ ಬೀಗ ಕೂರಲು ಹಲಗೆಯಲ್ಲಿ ಕೊರೆದ ತೂತು ಇರುತ್ತದಲ್ಲ, 19 ಮಿಲಿಮೀಟರಿನದು, ಹೆಚ್ಚಿನವು ಅದೇ ತೂತಿಗೆ ಹೊಂದುವಂತೆ ಬರುತ್ತವೆ. ಮೇಜು ಬದಲಿಸಬೇಕಿಲ್ಲ, ಹೊಸದಾಗಿ ತೂತು ಕೊರೆಯಬೇಕಿಲ್ಲ. ಹಳೆಯದನ್ನು ಬಿಚ್ಚಿ ಇದನ್ನು ಕೂರಿಸಿದರೆ ಆಯಿತು. ಬಿಚ್ಚಿ ನೋಡಿದರೆ ಒಳಗೆ ಇರುವುದು ಒಂದು ಪುಟ್ಟ ಚಿಪ್, ಒಂದು ಪುಟ್ಟ ಮೋಟಾರು ಅಥವಾ ಸೊಲೆನಾಯ್ಡ್, ಮತ್ತೆ ಬ್ಯಾಟರಿ. ಚಿಪ್ ದಿನದ ಬಹುಪಾಲು ನಿದ್ದೆ ಮಾಡುತ್ತಿರುತ್ತದೆ. ಗುಂಡಿ ಒತ್ತಿದಾಗ ಎಚ್ಚರಗೊಂಡು, ಕೊಟ್ಟ ಅಂಕಿಗಳನ್ನು ತನ್ನಲ್ಲಿರುವ ಅಂಕಿಗಳ ಜೊತೆ ತಾಳೆ ನೋಡಿ, ಸರಿಯಿದ್ದರೆ ಮೋಟಾರಿಗೆ ಅರೆಕ್ಷಣ ಕರೆಂಟು ಬಿಟ್ಟು, ಮತ್ತೆ ಮಲಗುತ್ತದೆ. ಅದಕ್ಕೇ ಸಣ್ಣ ಬ್ಯಾಟರಿಯೂ ತುಂಬ ದಿನ ಬಾಳುತ್ತದೆ.

ಬಾಳುತ್ತದೆ, ಆದರೆ ಒಂದು ದಿನ ಮುಗಿಯುತ್ತದೆ. ಎಲ್ಲರೂ ಕೇಳುವ ಮೊದಲ ಪ್ರಶ್ನೆ ಅದೇ: ಬ್ಯಾಟರಿ ಸತ್ತರೆ? ಬೀಗ ಹಾಕಿದ್ದರೆ ಹಾಕಿದ ಸ್ಥಿತಿಯಲ್ಲೇ ಉಳಿಯುತ್ತದೆ. ಮುಗಿಯುವ ಮುಂಚೆ ಕೆಂಪು ದೀಪ ಮಿನುಗಿಸಿ, ಕೀಂ ಕೀಂ ಎಂದು ಎಚ್ಚರಿಕೆ ಕೊಡುತ್ತದೆ. ನಾವು ಎಂದಿನಂತೆ ನಾಳೆ ನೋಡೋಣ ಎನ್ನುತ್ತೇವೆ. ಆ ನಾಳೆಗಾಗಿ ಹಲವು ಬೀಗಗಳ ಮುಖದಲ್ಲೇ ಎರಡು ಲೋಹದ ಚುಕ್ಕಿಗಳನ್ನು ಬಿಟ್ಟಿರುತ್ತಾರೆ. ಹಳೆಯ ಪಾಕೆಟ್ ಟ್ರಾನ್ಸಿಸ್ಟರಿಗೆ ಹಾಕುತ್ತಿದ್ದೆವಲ್ಲ, ತಲೆಯ ಮೇಲೆ ಎರಡು ಗುಬ್ಬಿ ಇರುವ 9 ವೋಲ್ಟಿನ ಚೌಕ ಬ್ಯಾಟರಿ, ಬಾನುಲಿ ಕೇಳುಗರಿಗೆ ಅದನ್ನು ವಿವರಿಸಬೇಕಿಲ್ಲ. ಅದರ ತಲೆಯನ್ನು ಈ ಚುಕ್ಕಿಗಳಿಗೆ ಒತ್ತಿ ಹಿಡಿದರೆ ಬೀಗಕ್ಕೆ ಹೊರಗಿನಿಂದಲೇ ಜೀವ ಬರುತ್ತದೆ. ಒಂದು ಕೈಯಲ್ಲಿ ಬ್ಯಾಟರಿ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಕೋಡ್ ಹಾಕಬೇಕು. ಬ್ಯಾಟರಿ ಸ್ವಲ್ಪ ಜಾರಿದರೂ ಮೊದಲಿನಿಂದ ಶುರು. ಇನ್ನು ಕೆಲವು ಬೀಗಗಳಲ್ಲಿ ಕೀಪ್ಯಾಡಿನ ಹಿಂದೆಯೋ ಮುಚ್ಚಳದ ಕೆಳಗೋ ಒಂದು ಕೀ ತೂತು ಇರುತ್ತದೆ. ಹೌದು, ಕೀ ಇಲ್ಲದ ಬೀಗಕ್ಕೆ ಒಂದು ಕೀ! ಅದು ಅಡ್ಮಿನ್ ವಿಭಾಗದ ಯಾವುದೋ ಡ್ರಾಯರಿನಲ್ಲಿ ಇರುತ್ತದೆ.

ಈ ಬೀಗಗಳು ಎರಡು ಬಗೆಯಲ್ಲಿ ಕೆಲಸ ಮಾಡುತ್ತವೆ. ಒಂದು, ನಿಮ್ಮದೇ ಡ್ರಾಯರು, ನಿಮ್ಮದೇ ಕೋಡ್, ನೀವು ಬದಲಿಸುವ ತನಕ ಅದೇ. ಇನ್ನೊಂದು, ಹಂಚಿಕೊಳ್ಳುವ ಬಗೆ. ಇದರಲ್ಲಿ ಖಾಲಿ ಕಂಡ ಲಾಕರಿನಲ್ಲಿ ಸಾಮಾನಿಟ್ಟು ನಿಮಗೆ ತೋಚಿದ ನಾಲ್ಕು ಅಂಕಿ ಒತ್ತಿ ಮುಚ್ಚುತ್ತೀರಿ. ಸಂಜೆ ಅದೇ ಅಂಕಿ ಒತ್ತಿ ತೆರೆದೊಡನೆ ಬೀಗ ನಿಮ್ಮನ್ನು ಮರೆತುಬಿಡುತ್ತದೆ. ನಾಳೆ ಅದು ಇನ್ನೊಬ್ಬರದು. ದೇವಸ್ಥಾನದ ಹೊರಗಿನ ಚಪ್ಪಲಿ ಸ್ಟ್ಯಾಂಡಿನ ವ್ಯವಸ್ಥೆಯೇ, ಟೋಕನ್ ಮಾತ್ರ ನಿಮ್ಮ ತಲೆಯೊಳಗೆ.

ಎರಡನೆಯ ಬಗೆ ಹೆಚ್ಚಿದ್ದಕ್ಕೆ ಕಾರಣ ಬೀಗವಲ್ಲ, ಮೇಜು. ಕೋವಿಡ್ ಆದಮೇಲೆ ವಾರಕ್ಕೆ ಎರಡು ಮೂರು ದಿನ ಮಾತ್ರ ಕಚೇರಿಗೆ ಬರುವ ಪದ್ಧತಿ ಬಂತು. ಬರದವರ ಮೇಜಿಗೆ ಬಾಡಿಗೆ ಏಕೆ ಕಟ್ಟಬೇಕು ಎಂದು ಕಂಪನಿಗಳು ಲೆಕ್ಕ ಹಾಕಿದವು. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಾಗಲಿ ವೈಟ್‌ಫೀಲ್ಡಿನಲ್ಲಾಗಲಿ ಇವತ್ತು ಅನೇಕರಿಗೆ ಸ್ವಂತ ಮೇಜು ಇಲ್ಲ. ಬೆಳಿಗ್ಗೆ ಆ್ಯಪಿನಲ್ಲಿ ಸೀಟು ಬುಕ್ ಮಾಡಿ ಬಂದು ಕೂರಬೇಕು. ಮೇಜು ಹೋದಮೇಲೆ ಅದರ ಕೆಳಗಿನ ಡ್ರಾಯರೂ ಹೋಯಿತು. ಬದಲಿಗೆ ಗೋಡೆಗೆ ಸಾಲಾಗಿ ಲಾಕರುಗಳು ಬಂದವು.

ಅಂಥ ಒಂದು ಕಚೇರಿಯಲ್ಲಿ ಸೋಮವಾರ ಬೆಳಿಗ್ಗೆ ನನ್ನ ಕಿವಿಗೆ ಬಿದ್ದ ಮಾತು ಇದು.

“ಅಣ್ಣಾ, 214 ಓಪನ್ ಆಗ್ತಿಲ್ಲ. ನನ್ನ ಪಿನ್ನೇ ಹಾಕ್ತಿದೀನಿ.”

“ಮೇಡಂ, ಶುಕ್ರವಾರ ಲಾಕ್ ಮಾಡ್ಕೊಂಡು ಹೋಗಿದೀರಾ. ರಾತ್ರಿ ಹನ್ನೆರಡಕ್ಕೆ ಎಲ್ಲಾ ತಾನಾಗೇ ರಿಲೀಸ್ ಆಗುತ್ತೆ. ಇವತ್ತು ಬೇರೆ ಯಾರೋ ತಗೊಂಡಿದಾರೆ.”

“ನನ್ನ ಸಾಮಾನು?”

“ಹೌಸ್‌ಕೀಪಿಂಗ್‌ನೋರು ತೆಗೆದಿಟ್ಟಿರ್ತಾರೆ. ಕೆಳಗೆ ರಿಸೆಪ್ಷನ್ನಲ್ಲಿ ಕೇಳಿ.”

ಆಕೆಯ ಸಾಮಾನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಸಿಕ್ಕಿತು: ಒಂದು ಜೊತೆ ಚಪ್ಪಲಿ, ಸ್ವೆಟರ್, ಕಾಫಿ ಲೋಟ, ಅಂಗೈಯಗಲದ ರಾಘವೇಂದ್ರಸ್ವಾಮಿ ಪಟ. ಏನೂ ಕಳೆದಿರಲಿಲ್ಲ. ಆದರೂ ಆಕೆ ಆ ಚೀಲ ಹಿಡಿದುಕೊಂಡು ಲಿಫ್ಟಿನ ಹತ್ತಿರ ನಿಂತ ರೀತಿ ನೋಡಿದರೆ, ಮನೆ ಖಾಲಿ ಮಾಡಿಸಿದವರ ಹಾಗಿತ್ತು. ಬೀಗ ತಾನು ಮಾಡಬೇಕಾದ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ಹನ್ನೆರಡು ಗಂಟೆಗೆ ತೆರೆ ಎಂದು ಅದಕ್ಕೆ ಯಾರೋ ಹೇಳಿದ್ದರು. ಆ ಯಾರೋ ಯಾರು ಎಂದು ಆಕೆಗೂ ಗೊತ್ತಿಲ್ಲ, ‘ಅಣ್ಣ’ನಿಗೂ ಗೊತ್ತಿಲ್ಲ.

ಮೇಜಿಲ್ಲದ ಕಚೇರಿ ಹೊಸ ವಿಚಾರವೂ ಅಲ್ಲ. ಅಮೆರಿಕದ ಜಾಹೀರಾತು ಸಂಸ್ಥೆ ಚಯಟ್ ಡೇ, ಆ್ಯಪಲ್ ಕಂಪನಿಗೆ 1984ರ ಹೆಸರಾಂತ ಜಾಹೀರಾತು ಮಾಡಿಕೊಟ್ಟವರು, ಅದರ ಯಜಮಾನ ಜೇ ಚಯಟ್ 1994ರ ಸುಮಾರಿಗೆ ಲಾಸ್ ಏಂಜಲೀಸಿನ ವೆನಿಸ್ ಬಡಾವಣೆಯ ತಮ್ಮ ಕಚೇರಿಯಿಂದ ಎಲ್ಲರ ಸ್ವಂತ ಮೇಜನ್ನೂ ತೆಗೆದುಹಾಕಿದರು. ಫ್ರಾಂಕ್ ಗೆಹ್ರಿ ಕಟ್ಟಿದ ಕಟ್ಟಡ ಅದು. ಎದುರಿಗೆ ಮೂರು ಮಹಡಿ ಎತ್ತರದ ದುರ್ಬೀನಿನ ಶಿಲ್ಪ ಇರುವುದರಿಂದ ಇಂದಿಗೂ ಜನ ನಿಂತು ಫೋಟೊ ತೆಗೆದುಕೊಳ್ಳುತ್ತಾರೆ. ನೌಕರರು ಬೆಳಿಗ್ಗೆ ಬಂದು ಕೌಂಟರಿನಲ್ಲಿ ಫೋನು, ಲ್ಯಾಪ್‌ಟಾಪ್ ಪಡೆದುಕೊಳ್ಳಬೇಕು, ಎಲ್ಲಿ ಬೇಕಾದರೂ ಕೂತು ಕೆಲಸ ಮಾಡಬೇಕು, ಸಂಜೆ ಹಿಂದಿರುಗಿಸಬೇಕು. ಸ್ವಂತ ವಸ್ತುಗಳಿಗೆ ಲಾಕರು. ಅದು ಸಾಲಲಿಲ್ಲ. ಜನ ತಮ್ಮ ಕಡತಗಳನ್ನು ಕಾರಿನ ಡಿಕ್ಕಿಯಲ್ಲಿಟ್ಟುಕೊಂಡು ಓಡಾಡತೊಡಗಿದರು. ಒಬ್ಬರಂತೂ ಮಕ್ಕಳ ಆಟದ ಕೆಂಪು ಗಾಡಿಯಲ್ಲಿ ಹೇರಿಕೊಂಡು ಎಳೆಯುತ್ತಿದ್ದರು. ಕೆಲವೇ ವರ್ಷಗಳಲ್ಲಿ ಆ ಪ್ರಯೋಗ ಕೈಬಿಟ್ಟು, 1998ರಲ್ಲಿ ಹೊಸ ಜಾಗಕ್ಕೆ ಹೋದಾಗ ಪ್ರತಿಯೊಬ್ಬರಿಗೂ ಮತ್ತೆ ಸ್ವಂತ ಜಾಗ ಕೊಟ್ಟರು. ನಾವು ಅದನ್ನು ಬಾಡಿಗೆ ಉಳಿಸಲೆಂದು ಮತ್ತೆ ಹಿಡಿದಿದ್ದೇವೆ, ಈ ಸಲ ಬೀಗ ಸ್ವಲ್ಪ ಉತ್ತಮ, ಅಷ್ಟೇ.

ಬೀಗ ಎಷ್ಟು ಉತ್ತಮ? ನಾಲ್ಕು ಅಂಕಿಯ ಕೋಡಿಗೆ 0000ಯಿಂದ 9999ರವರೆಗೆ 10,000 ಸಾಧ್ಯತೆ. ಒಂದೊಂದಕ್ಕೆ ಮೂರು ಸೆಕೆಂಡ್ ಎಂದರೂ ಎಲ್ಲವನ್ನೂ ಒತ್ತಿ ಮುಗಿಸಲು 8 ಗಂಟೆ 20 ನಿಮಿಷ, ಸರಿಯಾಗಿ ಒಂದು ಶಿಫ್ಟು. ಅದಕ್ಕೇ ಮೂರು ನಾಲ್ಕು ಸಲ ತಪ್ಪಿದರೆ ಬೀಗ ಸ್ವಲ್ಪ ಹೊತ್ತು ಮುನಿಸಿಕೊಂಡು ಕೂರುತ್ತದೆ. ಆದರೆ ಇದು ಜನ ಅಂಕಿಗಳನ್ನು ಎಲ್ಲೆಡೆಯಿಂದ ಸಮನಾಗಿ ಆರಿಸಿದರೆ ಬರುವ ಲೆಕ್ಕ. ಜನ ಹಾಗೆ ಆರಿಸುವುದಿಲ್ಲ. ನಿಕ್ ಬೆರಿ ಎಂಬವರು 2012ರಲ್ಲಿ, ಸೋರಿಕೆಯಾಗಿ ಹೊರಬಿದ್ದಿದ್ದ ಸುಮಾರು 34 ಲಕ್ಷ ನಾಲ್ಕಂಕಿ ಪಾಸ್‌ವರ್ಡುಗಳನ್ನು ಜಾಲಾಡಿದರು. ನೂರಕ್ಕೆ ಹತ್ತಕ್ಕಿಂತ ಹೆಚ್ಚು ಜನ ಆರಿಸಿದ್ದು 1234. ಎರಡನೆಯ ಸ್ಥಾನ 1111ಕ್ಕೆ. ಹತ್ತೊಂಬತ್ತರಿಂದ ಶುರುವಾಗುವ ಅಂಕಿಗಳೂ ಧಾರಾಳ. ಹುಟ್ಟಿದ ಇಸವಿ, ಬೇರೇನು! ಹುಟ್ಟುಹಬ್ಬಕ್ಕೆ ಕೇಕ್ ಕತ್ತರಿಸುವ ಕಚೇರಿಯಲ್ಲಿ ಅದೇನು ಗುಟ್ಟಲ್ಲ.

ಗುಂಡಿಗಳೂ ಗುಟ್ಟು ಬಿಟ್ಟುಕೊಡುತ್ತವೆ. ಒಂದೇ ಕೋಡನ್ನು ವರ್ಷಗಟ್ಟಲೆ ಒತ್ತಿದ ಕೀಪ್ಯಾಡನ್ನು ಓರೆ ಬೆಳಕಿನಲ್ಲಿ ನೋಡಿ. ನಾಲ್ಕು ಗುಂಡಿಗಳ ಅಂಚು ನುಣುಪಾಗಿ ಹೊಳೆಯುತ್ತಿರುತ್ತದೆ, ಉಳಿದ ಆರರ ಮೇಲೆ ಧೂಳು. ಯಾವ ನಾಲ್ಕು ಅಂಕಿ ಎಂದು ಗೊತ್ತಾದರೆ ಉಳಿಯುವುದು 24 ಜೋಡಣೆಗಳು ಮಾತ್ರ. ಇಲ್ಲಿ ಒಂದು ತಮಾಷೆ ಇದೆ. ಸವೆದ ಗುಂಡಿ ಮೂರೇ ಆಗಿದ್ದರೆ, ಅಂದರೆ ಒಂದು ಅಂಕಿ ಎರಡು ಸಲ ಬಂದಿದ್ದರೆ, ಜೋಡಣೆಗಳು 36 ಆಗುತ್ತವೆ. ಕಡಿಮೆ ಗುಂಡಿ ಬಳಸಿದವರು ಸ್ವಲ್ಪ ಹೆಚ್ಚು ಸುರಕ್ಷಿತ! ಪುರುಸೊತ್ತಿದ್ದರೆ ಕಾಗದದ ಮೇಲೆ ಬರೆದು ನೋಡಿ.

ಬೆರಳಚ್ಚಿನ ಬೀಗಗಳನ್ನು ನಾನು ಉದ್ದಕ್ಕೆ ವಿವರಿಸುವುದಿಲ್ಲ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿ, ಒರೆಸಿ, ಮತ್ತೆ ಒತ್ತಿ ನಿಂತವರಿಗೆ ಅದರ ಗುಣದೋಷ ನನಗಿಂತ ಚೆನ್ನಾಗಿ ಗೊತ್ತು.

ಕಾರ್ಡಿನ ಬೀಗ ಬೇರೆ ಕತೆ. ಕೊರಳಲ್ಲಿ ನೇತಾಡುವ ಐಡಿ ಕಾರ್ಡಿನ ಪ್ಲಾಸ್ಟಿಕ್ಕಿನೊಳಗೆ ಕೂದಲೆಳೆಯಂಥ ತಂತಿಯ ಸುರುಳಿ, ಅದರ ತುದಿಯಲ್ಲಿ ಸಾಸಿವೆ ಗಾತ್ರದ ಚಿಪ್. ಕಾರ್ಡಿಗೆ ಬ್ಯಾಟರಿ ಇಲ್ಲ, ಬೀಗದಿಂದ ಹೊರಡುವ ರೇಡಿಯೋ ಅಲೆಯಿಂದಲೇ ಅದು ಬೇಕಾದ ಶಕ್ತಿಯನ್ನು ಪಡೆಯುತ್ತದೆ. ಇಂಥ ಕಾರ್ಡುಗಳಲ್ಲಿ ಬಹಳ ಹರಡಿದ್ದು 1994ರಲ್ಲಿ ಬಂದ ಮಿಫೇರ್ ಕ್ಲಾಸಿಕ್. ಅದರ ಗೂಢಲಿಪಿ ಹೇಗೆ ಕೆಲಸ ಮಾಡುತ್ತದೆಂಬುದನ್ನು ತಯಾರಕರು ಗುಟ್ಟಾಗಿಟ್ಟಿದ್ದರು. ಗುಟ್ಟೇ ಬಲ ಎಂದುಕೊಂಡಿದ್ದರು. 2007ರ ಕೊನೆಯಲ್ಲಿ ಜರ್ಮನಿಯಲ್ಲಿ ಇಬ್ಬರು ಸಂಶೋಧಕರು ಚಿಪ್ಪನ್ನು ಪದರ ಪದರವಾಗಿ ಉಜ್ಜಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ಓದಿ ತೋರಿಸಿದರು. ಮರುವರ್ಷ ನೆದರ್ಲೆಂಡ್ಸಿನ ರಾಡ್‌ಬೌಡ್ ವಿಶ್ವವಿದ್ಯಾಲಯದವರು ಪೂರ್ತಿ ಭೇದಿಸಿದರು. ಅವರ ಲೇಖನ ಪ್ರಕಟವಾಗದಂತೆ ತಡೆಯಲು ತಯಾರಕರಾದ ಎನ್‌ಎಕ್ಸ್‌ಪಿ ಕೋರ್ಟಿಗೆ ಹೋದರು. 2008ರ ಜುಲೈನಲ್ಲಿ ಕೋರ್ಟು ಒಪ್ಪಲಿಲ್ಲ. ದೋಷ ಇರುವುದು ಕಾರ್ಡಿನಲ್ಲಿ, ಅದನ್ನು ಹೇಳಿದವರಲ್ಲಿ ಅಲ್ಲ ಎನ್ನುವ ಧಾಟಿಯ ತೀರ್ಮಾನ. ಅದಾಗಿ ಎಷ್ಟೋ ವರ್ಷವಾದರೂ ಆ ಕಾರ್ಡು ಬಾಗಿಲುಗಳಲ್ಲಿ, ಲಾಕರುಗಳಲ್ಲಿ ಇನ್ನೂ ಓಡುತ್ತಿದೆ. ಬದಲಿಸಲು ಖರ್ಚಾಗುತ್ತದಲ್ಲ.

ನನಗೆ ಇದಕ್ಕಿಂತ ಮುಖ್ಯ ಎನಿಸಿದ್ದು 2024ರ ಆಗಸ್ಟಿನ ಸಂಗತಿ. ಅಮೆರಿಕದ ಲಾಸ್ ವೇಗಸ್‌ನಲ್ಲಿ ಡೆಫ್‌ಕಾನ್ ಎಂಬ ಹ್ಯಾಕರುಗಳ ಸಮ್ಮೇಳನ ಪ್ರತಿವರ್ಷ ನಡೆಯುತ್ತದೆ. ಅಲ್ಲಿ ಇಬ್ಬರು ಸಂಶೋಧಕರು ಕಚೇರಿಗಳಲ್ಲೂ ಜಿಮ್ಮುಗಳಲ್ಲೂ ಕಾಣಸಿಗುವ ಎಲೆಕ್ಟ್ರಾನಿಕ್ ಲಾಕರ್ ಬೀಗಗಳನ್ನು ಬಿಚ್ಚಿ ತೋರಿಸಿದರು. ಒಂದು ಬೀಗ ಕೈಗೆ ಸಿಕ್ಕರೆ ಅದರ ನೆನಪಿನಿಂದ ವ್ಯವಸ್ಥಾಪಕರ ಕೀಯ ಗುರುತನ್ನು ಹೊರತೆಗೆದು, ಅದರಿಂದ ಅದೇ ಕಟ್ಟಡದ ಉಳಿದ ಬೀಗಗಳನ್ನೂ ತೆರೆಯಬಹುದು ಎಂಬುದು ಅವರು ಕಂಡುಕೊಂಡದ್ದು. ಅವರು ಕೊಟ್ಟ ಇನ್ನೊಂದು ಎಚ್ಚರಿಕೆಯೂ ಲಕ್ಷ್ಯ ಕೊಡುವಂಥದು: ಬೀಗದಿಂದ ನಿಮ್ಮ ಪಿನ್ನನ್ನೂ ಓದಬಹುದು. ಲಾಕರಿಗೆ ಎಟಿಎಂ ಪಿನ್ ಹಾಕುವ ಅಭ್ಯಾಸವಿದ್ದವರು ಇವತ್ತೇ ಬದಲಿಸಿ.

ನಾನು ಆರಂಭದಲ್ಲಿ ಕೀ ಎಲ್ಲೋ ಇದ್ದೇ ಇರುತ್ತದೆ ಎಂದೆ. ಅದು ಇದೇ. ಈ ಬೀಗಗಳಿಗೆಲ್ಲ ಒಂದು ಮಾಸ್ಟರ್ ಕೋಡೋ ಮಾಸ್ಟರ್ ಕಾರ್ಡೋ ಇರುತ್ತದೆ. ಕಾರ್ಖಾನೆಯಿಂದ ಬರುವಾಗ ಆ ಮಾದರಿಯ ಎಲ್ಲ ಬೀಗಕ್ಕೂ ಒಂದೇ ಮಾಸ್ಟರ್ ಕೋಡ್ ಇರುವುದು ಸಾಮಾನ್ಯ, ಅದು ಕೈಪಿಡಿಯಲ್ಲೇ ಅಚ್ಚಾಗಿರುತ್ತದೆ. ಕೂರಿಸುವವರು ಬದಲಿಸಬೇಕು. ಕೂರಿಸಲು ಬಂದ ಹುಡುಗನಿಗೆ ಸಂಜೆಯೊಳಗೆ ಇನ್ನೆರಡು ಸೈಟು ಮುಗಿಸಬೇಕಿರುತ್ತದೆ. ಬದಲಿಸಿದರೂ ಇನ್ನೂರು ಲಾಕರಿಗೂ ಒಂದೇ ಕೋಡ್ ಹಾಕಿ, ಅದನ್ನು ವಾಟ್ಸಾಪಿನಲ್ಲಿ ಫೆಸಿಲಿಟಿ ಗುಂಪಿಗೆ ಕಳಿಸಿರುತ್ತಾರೆ. ಆ ಗುಂಪಿನಲ್ಲಿ ಕೆಲಸ ಬಿಟ್ಟು ಹೋದವರು ಎಷ್ಟು ಜನ ಇದ್ದಾರೋ! ಕಬ್ಬಿಣದ ಕೀಗಾದರೆ ಸಹಿ ಮಾಡಿಸಿಕೊಂಡು ವಾಪಸು ಪಡೆಯುತ್ತಿದ್ದೆವು. ತಲೆಯಲ್ಲಿರುವ ಅಂಕಿಯನ್ನು ಯಾರಿಂದಲೂ ವಾಪಸು ಪಡೆಯಲು ಆಗುವುದಿಲ್ಲ. ಒಂದೇ ದಾರಿ, ಕೋಡ್ ಬದಲಿಸುವುದು.

ಇದರ ಒಳ್ಳೆಯ ಮುಖವನ್ನೂ ಹೇಳಬೇಕು. ಹಳೆಯ ಬೀಗಕ್ಕೆ ನಾಲಿಗೆ ಇರಲಿಲ್ಲ. ಹೊಸ ಬೀಗಗಳಲ್ಲಿ ಮೇಲ್ದರ್ಜೆಯವು ಯಾವ ಕಾರ್ಡಿನಿಂದ, ಯಾವ ದಿನ, ಎಷ್ಟು ಗಂಟೆಗೆ ತೆರೆಯಿತು ಎಂದು ಬರೆದಿಟ್ಟುಕೊಳ್ಳುತ್ತವೆ. ಆಸ್ಪತ್ರೆಯಲ್ಲಿ ಮಾರ್ಫಿನ್‌ನಂಥ ಔಷಧ ಇಡುವ ಕಪಾಟಿಗೆ ಇದು ವರ. ರಾತ್ರಿ ಪಾಳಿಯಲ್ಲಿ ನರ್ಸ್ ಸಿಸ್ಟರು ಕೀ ಗೊಂಚಲು ಹುಡುಕುತ್ತಾ ವಾರ್ಡಿನಿಂದ ವಾರ್ಡಿಗೆ ಓಡಬೇಕಿಲ್ಲ, ಒಂದು ಆಂಪ್ಯೂಲ್ ಕಡಿಮೆ ಬಂದರೆ ಎಲ್ಲರ ಮೇಲೂ ಅನುಮಾನ ಪಡಬೇಕಿಲ್ಲ. ಪರೀಕ್ಷೆಯ ಪ್ರಶ್ನೆಪತ್ರಿಕೆ, ಸಿಬ್ಬಂದಿಯ ವೈದ್ಯಕೀಯ ಕಡತ, ಪ್ರಯೋಗಾಲಯದ ಮಾದರಿ, ಇಂಥ ಕಡೆ ನಾನು ಕಣ್ಣುಮುಚ್ಚಿ ಎಲೆಕ್ಟ್ರಾನಿಕ್ ಬೀಗಕ್ಕೆ ಮತ ಹಾಕುತ್ತೇನೆ.

ಆದರೆ ಗುಮಾಸ್ತರೊಬ್ಬರು ದಿನಕ್ಕೆ ಎಷ್ಟು ಸಲ ತಮ್ಮ ಡ್ರಾಯರು ತೆರೆದರು ಎಂಬ ದಾಖಲೆ ಯಾರಿಗೆ ಬೇಕು? ಹೆಣ್ಣುಮಗಳೊಬ್ಬಳು ತಿಂಗಳಲ್ಲಿ ಯಾವ ದಿನಗಳಂದು ಲಾಕರಿಗೆ ಮತ್ತೆ ಮತ್ತೆ ಹೋದಳು, ಸಕ್ಕರೆ ಕಾಯಿಲೆಯವರು ಊಟಕ್ಕೆ ಮುಂಚೆ ಎಷ್ಟು ಗಂಟೆಗೆ ಹೋದರು, ಅದೆಲ್ಲ ಆ ಪಟ್ಟಿಯಲ್ಲಿ ಕೂತಿರುತ್ತದೆ. ನಮ್ಮಲ್ಲಿ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ. ಹೆಸರಿಗೆ ಅಂಟಿಕೊಂಡ ಇಂಥ ಪಟ್ಟಿಯೂ ವೈಯಕ್ತಿಕ ದತ್ತಾಂಶವೇ ಎಂದು ಬೀಗ ಕೊಳ್ಳುವ ಅಡ್ಮಿನ್ ವಿಭಾಗಕ್ಕೆ ಹೊಳೆದಿರುವುದು ಅನುಮಾನ. ಅವರ ಟೆಂಡರಿನಲ್ಲಿ ಬಣ್ಣ, ಗಾತ್ರ, ವಾರಂಟಿ ಇರುತ್ತದೆ, ಇದು ಇರುವುದಿಲ್ಲ.

ನಿಮ್ಮ ಕಚೇರಿಗೆ, ಕ್ಲಿನಿಕ್ಕಿಗೆ, ಶಾಲೆಯ ಸ್ಟಾಫ್ ರೂಮಿಗೆ ಇಂಥ ಬೀಗ ತರಿಸುವ ಮಾತು ನಡೆದಿದ್ದರೆ, ಆ್ಯಪ್ ಎಷ್ಟು ಚೆಂದ ಎಂದು ನೋಡುವುದಕ್ಕಿಂತ ಮುಂಚೆ, ಆ್ಯಪ್ ಇಲ್ಲದೆಯೂ ಬೀಗ ತೆರೆಯುತ್ತದೆಯೇ ಎಂದು ಕೇಳಿ. ಕಂಪನಿ ಮುಚ್ಚಿದರೆ ಅದರ ಸರ್ವರ್ ಕೂಡ ಮುಚ್ಚುತ್ತದೆ, ಪೆಡೆಸ್ಟಲ್ ಮಾತ್ರ ಇನ್ನೂ ಹದಿನೈದು ವರ್ಷ ಗಟ್ಟಿಯಾಗಿರುತ್ತದೆ. ಮಾಸ್ಟರ್ ಕೋಡನ್ನು ಮೊದಲ ದಿನವೇ ಬದಲಿಸಿ, ಒಂದು ಚೀಟಿಯಲ್ಲಿ ಬರೆದು, ಲಕೋಟೆಯಲ್ಲಿಟ್ಟು, ಅಂಟಿನ ಮೇಲೆ ಇಬ್ಬರು ಸಹಿ ಹಾಕಿ. ಖಜಾನೆಯವರು ಕಲಿಸಿದ ಆ ಪದ್ಧತಿಗೆ ಇನ್ನೂ ತುಕ್ಕು ಹಿಡಿದಿಲ್ಲ. ಆ ಇಬ್ಬರಲ್ಲಿ ಒಬ್ಬರು ಕೆಲಸ ಬಿಟ್ಟ ದಿನವೇ ಕೋಡ್ ಬದಲಾಗಬೇಕು, ಚೀಟಿಯೂ ಹೊಸದಾಗಬೇಕು. ಬ್ಯಾಟರಿ ಹಾಕಿದ ತಾರೀಖನ್ನು ಬೀಗದ ಒಳಬದಿಯಲ್ಲಿ ಸ್ಕೆಚ್ ಪೆನ್ನಿನಿಂದ ಬರೆಯಿರಿ. ಲಾಕರು ರಾತ್ರಿ ತಾನಾಗಿ ತೆರೆದುಕೊಳ್ಳುವುದಾದರೆ ಆ ಸಂಗತಿಯನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬಾಗಿಲ ಮೇಲೇ ಅಂಟಿಸಿ. ಒಂದು 9 ವೋಲ್ಟಿನ ಬ್ಯಾಟರಿಯನ್ನು ಸೆಕ್ಯುರಿಟಿಯವರ ಮೇಜಿನಲ್ಲಿ ಇಟ್ಟಿರಿ. ಆ ಮೇಜಿನ ಡ್ರಾಯರಿಗೆ ಬೀಗ ಹಾಕಬೇಡಿ.